ಗದ್ದೆಯ ವಿಡಿಯೋಗೆ ಸಿನಿಮಾದ ಮೆರುಗು

ಹೊಲ-ಗದ್ದೆಯಲ್ಲಿ ಕಂಡದ್ದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ಇತರರಿಗೆ ಕಳುಹಿಸುವುದು ಈಗ ರೈತರಲ್ಲಿ ರೂಢಿಯಾಗಿದೆ. ಆದರೆ ಮಟಮಟ ಮಧ್ಯಾಹ್ನ ಕೊಂಡಜ್ಜಿ ಕೆರೆ ಏರಿಯ ಮೇಲೆ ನಿಂತು ತೆಗೆದ ಚಿತ್ರದಲ್ಲಿ ನೀರು, ಆಕಾಶಗಳೆರಡೂ ಸುಣ್ಣ ಬಳಿದಂತೆ ಬೆಳ್ಳಗಾಗಿ, ಗುಡ್ಡ ಕಪ್ಪಾಗಿ ಕಾಣುವುದು. ಅದೇ ಕೆರೆ ಸಿನಿಮಾದಲ್ಲಿ ಬೇರೆಯಾಗಿ ತೋರುವುದಕ್ಕೆ ಕ್ಯಾಮೆರಾದ ಬೆಲೆಗಿಂತ ಬೆಳಕಿನ ಬಳಕೆಯೇ ಮುಖ್ಯ ಕಾರಣ.

ಮೈಸೂರಿನ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಹಿಂದಿ ಚಿತ್ರಕ್ಕಾಗಿ ಸ್ಟುಡಿಯೋದೊಳಕ್ಕೆ ಬಿಸಿಲುಕೋಲು ತಂದದ್ದು ಕನ್ನಡಿಗಳಿಂದ. ಗದ್ದೆಯಲ್ಲಿ ಅಷ್ಟೂ ಬೇಡ. ಒಗೆದ ಬಿಳಿ ಪಂಚೆಯನ್ನು ಇಬ್ಬರು ಬಿಗಿಯಾಗಿ ಹಿಡಿದರೆ ನೆರಳಿನ ಬದಿಗೆ ಬೆಳಕು ತಿರುಗುತ್ತದೆ. ನಾಟಿ, ಕೊಯ್ಲುಗಳ ದೃಶ್ಯಗಳಿಗೆ ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತದ ಮುಂಚಿನ ಒಂದು ಗಂಟೆ ಅತ್ಯಂತ ಸೂಕ್ತ.

ಸಿನಿಮಾ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಪ್ರತಿ ಚಿತ್ರಕ್ಕೂ ಸುಮಾರು 1/50 ಸೆಕೆಂಡು ಬೆಳಕು ಬಿದ್ದಾಗ ಚಲನೆ ತುಸು ಮಸುಕಾಗಿ, ಕಣ್ಣಿಗೆ ಹಿತವಾಗುತ್ತದೆ. ಉರಿಬಿಸಿಲಿನಲ್ಲಿ ಮೊಬೈಲ್ ತಾನಾಗಿಯೇ ಈ ಅವಧಿಯನ್ನು 1/1000ಕ್ಕಿಂತಲೂ ಕಡಿಮೆ ಮಾಡುವುದರಿಂದ, ತೂರುವ ಭತ್ತ ತಡೆತಡೆದು ಬಿದ್ದಂತೆ ಕಾಣುವುದು. ಕ್ಯಾಮೆರಾದ ಪ್ರೊ ವಿಧಾನದಲ್ಲಿ 1/50 ಇಟ್ಟು, ಬೆಳಕು ಹೆಚ್ಚಾದರೆ ಬೂದು ಫಿಲ್ಟರ್ ಗಾಜನ್ನು ಮುಂದಿಡಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆಗಿರುವ ಕಾರಣ ಪಂಪ್‌ಮನೆಯ ಟ್ಯೂಬ್‌ಲೈಟ್ ಮಿನುಗದಿರಲೂ ಇದೇ ಅನುಕೂಲ. ಮೊಬೈಲನ್ನು ಅಡ್ಡಲಾಗಿ, ಗೂಟಕ್ಕೋ ಬದುವಿಗೋ ಆನಿಸಿ ಹಿಡಿಯಬೇಕು. ಜೂಮ್ ಮಾಡುವ ಬದಲು ನಾಲ್ಕು ಹೆಜ್ಜೆ ಹತ್ತಿರ ಹೋಗುವುದು ಲೇಸು.

ಬಣ್ಣದ ವಿಷಯದಲ್ಲಿ ಮಾತ್ರ ಸಿನಿಮಾದ ದಾರಿ ಹಿಡಿಯಬಾರದು. ಸಂಜೆಯ ಹೊಂಬಿಸಿಲು ಅಥವಾ ಮೊಬೈಲಿನ ಬಣ್ಣದ ಫಿಲ್ಟರ್ ಹಸಿರು ಎಲೆಯನ್ನೂ ಹಳದಿಯಾಗಿಸುತ್ತದೆ. ಬೆಂಕಿರೋಗದ ಚುಕ್ಕೆಗೆ ಬೂದು ನಡು, ಕಂದು ಅಂಚು ಇರುತ್ತದೆ. ಫಿಲ್ಟರಿನಲ್ಲಿ ಇವೆರಡೂ ಬೆರೆತುಹೋದರೆ ನೋಡಿದವರು ಸಾರಜನಕದ ಕೊರತೆಯೆಂದು ಭಾವಿಸಿ ಯೂರಿಯಾ ಎರಚಿಯಾರು. ಯೂರಿಯಾ ಹೆಚ್ಚಿದಷ್ಟೂ ಬೆಂಕಿರೋಗ ಉಲ್ಬಣಿಸುತ್ತದೆ. ಚೆಂದದ ವಿಡಿಯೋ ಬೆಳೆಗೇ ಮುಳುವಾಗುವುದು ಹೀಗೆ.

ಆದ್ದರಿಂದ ರೋಗ, ಕೀಟಗಳ ಚಿತ್ರವನ್ನು ಹೊತ್ತೇರಿದ ಮೇಲೆ, ಬಯಲಿನ ನೆರಳಿನಲ್ಲಿ ಅಥವಾ ಮೋಡವಿರುವಾಗ, ಯಾವ ಫಿಲ್ಟರೂ ಇಲ್ಲದೆ ತೆಗೆಯತಕ್ಕದ್ದು. ಎಲೆಯ ಪಕ್ಕದಲ್ಲಿ ಬಿಳಿ ಕಾಗದವಿಟ್ಟು, ಕಾಗದ ಬಿಳಿಯಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಸರಿಪಡಿಸಿ, ಪರದೆಯನ್ನು ಬೆರಳಿನಿಂದ ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಸ್ಥಿರಗೊಳಿಸಿ, ಹತ್ತು ಸೆಕೆಂಡು ಅಲುಗಾಡದೆ ಚಿತ್ರೀಕರಿಸಬೇಕು. ಎಲೆಯ ಮೇಲ್ಭಾಗವಾದ ಮೇಲೆ ಕೆಳಭಾಗವನ್ನೂ, ನಂತರ ಇಡೀ ಬುಡವನ್ನೂ ತೋರಿಸಬೇಕು.