ಕಾರ್ಡ್‌ಗಿಂತ ಮೊದಲು ಎಸ್‌ಎಂಪಿಎಸ್

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ಗೇಮ್ ಆಡುವಾಗ ಕಂಪ್ಯೂಟರ್ ಕೈಕೊಡತೊಡಗಿದರೆ, ಮನೆಗೆ ಬರುವ ಒಂದೊಂದು ಸಲಹೆಗೂ ಒಂದೊಂದು ಬೆಲೆ ಇರುತ್ತದೆ. ನಮ್ಮ ಮನೆಗೆ ಬಂದವುಗಳ ಲೆಕ್ಕ ಹೀಗಿತ್ತು. ಮದರ್‌ಬೋರ್ಡ್ ಹಳೆಯದಾಯಿತು, ಪ್ರೊಸೆಸರ್ ಸಮೇತ ಬದಲಿಸಿಬಿಡಿ ಎಂದ ಅಂಗಡಿಯವರದು ಇಪ್ಪತ್ತೈದು ಸಾವಿರ. ಕಾರ್ಡನ್ನು ಸೆಕೆಂಡ್‌ಹ್ಯಾಂಡ್‌ಗೆ ಮಾರಿ ಬೇರೆ ಕಂಪನಿಯದು ತಗೊಳ್ಳಿ ಅಂಕಲ್ ಎಂದ ಮಗನ ಗೆಳೆಯನದು, ಮಾರಾಟದ ನಷ್ಟವೇ ಹತ್ತು ಸಾವಿರ. ರ್‍ಯಾಮ್ ಹೆಚ್ಚಿಸಿ ಎಂದವರದು ನಾಲ್ಕು ಸಾವಿರ. ನಾವು ಕೊನೆಗೆ ಖರ್ಚು ಮಾಡಿದ್ದು ಐದು ಸಾವಿರದ ಇನ್ನೂರು ರೂಪಾಯಿ. ಆ ದುಡ್ಡು ಯಾವ ಭಾಗಕ್ಕೆ ಹೋಗಬೇಕು ಎಂದು ಪತ್ತೆಹಚ್ಚಲು ಒಂದು ರೂಪಾಯಿಯೂ ಬೇಕಾಗಲಿಲ್ಲ.

ಮಗ ಆರ್ಕಿಟೆಕ್ಚರ್ ಓದುತ್ತಿದ್ದಾನೆ. ಕಟ್ಟಡದ ಮಾದರಿಗಳನ್ನು ರೆಂಡರ್ ಮಾಡಲು ಕಾರ್ಡ್ ಬೇಕಿತ್ತು, ಗೇಮ್ ಆಡಲಿಕ್ಕೂ ಬೇಕಿತ್ತು. ಎರಡನ್ನೂ ಅವನು ಮುಚ್ಚಿಡಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ನಲವತ್ತು ಸಾವಿರದ ಹತ್ತಿರ ಕೊಟ್ಟು, ಇನ್ನೂರು ವ್ಯಾಟ್ ಎಳೆಯುವ ಕಾರ್ಡ್ ತಂದೆವು. ಬ್ರೌಸರ್, ಸಿನಿಮಾ, ಡ್ರಾಯಿಂಗ್ ಎಲ್ಲ ಸರಾಗ. ಗೇಮ್ ತೆರೆದು ಸ್ವಲ್ಪ ಹೊತ್ತಿಗೆ ಪೂರ್ತಿ ಯಂತ್ರವೇ ಪ್ಲಗ್ ಕಿತ್ತಂತೆ ಆಫ್ ಆಗಿ ಮತ್ತೆ ತಾನೇ ಶುರುವಾಗುತ್ತಿತ್ತು.

ಎಲ್ಲರೂ ಇದನ್ನು ‘ಕ್ರ್ಯಾಶ್’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಆದರೆ ಅದು ಹೇಗೆ ಕ್ರ್ಯಾಶ್ ಆಗುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇದೆ. ಗೇಮ್ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸಿದರೆ ಡ್ರೈವರ್, ಗೇಮ್ ಫೈಲು ಅಥವಾ ರ್‍ಯಾಮ್ ಕಡೆ ನೋಡಬೇಕು. ಪರದೆ ಕಪ್ಪಾಗಿ, ಧ್ವನಿ ಕೇಳುತ್ತಿದ್ದು, ಮತ್ತೆ ಚಿತ್ರ ಬಂದರೆ ಡ್ರೈವರ್ ತಾನೇ ರೀಸೆಟ್ ಆಗಿದೆ ಎಂದರ್ಥ. ಕಾರ್ಡ್ ಎರಡು ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಹಾಗೆ ಮಾಡುತ್ತದೆ. ಇಡೀ ಕಂಪ್ಯೂಟರ್ ಆಫ್ ಆದರೆ ಮೊದಲ ಅನುಮಾನ ಕರೆಂಟಿನ ಮೇಲೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ನಮಗೆ ಸಿಕ್ಕಿದ್ದು ‘ಕರ್ನಲ್ ಪವರ್ 41’ ಎಂಬ ದಾಖಲೆ. ಅದನ್ನು ನೋಡಿ, ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಸುಟ್ಟಿದೆ ಎಂದು ತೀರ್ಮಾನಿಸುವವರಿದ್ದಾರೆ. ಅದು ಹೇಳುವುದು ಯಂತ್ರ ಸರಿಯಾಗಿ ಮುಚ್ಚದೆ ನಿಂತುಹೋಯಿತು ಎಂದಷ್ಟೇ. ಕಾರಣ ಹುಡುಕುವ ಕೆಲಸ ನಮ್ಮದೇ.

ಹುಡುಕುವಾಗ ಖರ್ಚಿಲ್ಲದ್ದನ್ನು ಮೊದಲು ಮಾಡಬೇಕು. ಮಗನೇ ಮಾಡಿದ. ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಉಚಿತ ತಂತ್ರಾಂಶ ಬಳಸಿ ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತು ಹೊಸದು ಹಾಕಿದ; ಫಲ ಸಿಗಲಿಲ್ಲ. ಬಯಾಸ್‌ನಲ್ಲಿ ರ್‍ಯಾಮ್‌ನ ಎಕ್ಸ್‌ಎಂಪಿ ವೇಗವನ್ನು ತೆಗೆದು ನೋಡಿದ. ಅದರಿಂದಲೂ ಏನೂ ಬದಲಾಗಲಿಲ್ಲ. ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶ ತೋರಿಸಿದ ಶಾಖ ಎಪ್ಪತ್ತು ಡಿಗ್ರಿ ಸುತ್ತಮುತ್ತ ಇತ್ತು, ಅದು ಭಯಪಡುವಂಥದ್ದಲ್ಲ. ಆಮೇಲೆ ಮಾಡಿದ ಪರೀಕ್ಷೆಯನ್ನು ಎಲ್ಲ ಓದುಗರಿಗೂ ಒತ್ತಿ ಹೇಳುತ್ತೇನೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ ಕಾರ್ಡ್ ಎಷ್ಟು ಕರೆಂಟ್ ಎಳೆಯಬಹುದು ಎಂಬುದನ್ನು ಏರಿಳಿಸುವ ಪವರ್ ಲಿಮಿಟ್ ಎಂಬ ಪಟ್ಟಿ ಇದೆ. ಅದನ್ನು ಶೇಕಡಾ ನೂರರಿಂದ ಎಪ್ಪತ್ತಕ್ಕೆ ಇಳಿಸಿ, ಗೇಮ್‌ನ ಫ್ರೇಮ್ ರೇಟನ್ನು 60ಕ್ಕೆ ಕಟ್ಟಿಹಾಕಿದ. ಅಂದು ಗೇಮ್ ನಿಲ್ಲದೆ ನಡೆಯಿತು. ಪಟ್ಟಿಯನ್ನು ಮತ್ತೆ ನೂರಕ್ಕೆ ಏರಿಸಿದೊಡನೆ ಆಫ್. ಕೊನೆಗೆ ಗೆಳೆಯನ ಕಂಪ್ಯೂಟರಿಗೆ ಅದೇ ಕಾರ್ಡ್ ಹಾಕಿ ಆಡಿದರೆ ಯಾವ ತೊಂದರೆಯೂ ಇಲ್ಲ. ಕಾರ್ಡ್ ನಿರ್ದೋಷಿ.

ಆಗ ಕ್ಯಾಬಿನೆಟ್ ತೆರೆದು ಎಸ್‌ಎಂಪಿಎಸ್ ಲೇಬಲ್ ಓದಿದೆ. ದೊಡ್ಡ ಅಕ್ಷರದಲ್ಲಿ 500 ವ್ಯಾಟ್. ಆದರೆ ಕಾರ್ಡ್ ಮತ್ತು ಪ್ರೊಸೆಸರ್ ಎರಡಕ್ಕೂ ಅನ್ನ ಹಾಕುವುದು 12 ವೋಲ್ಟ್ ಸಾಲು. ಅಲ್ಲಿ ಬರೆದಿದ್ದು 30 ಆಂಪಿಯರ್. 12ರಿಂದ ಗುಣಿಸಿದರೆ 360 ವ್ಯಾಟ್. ಕಾರ್ಡ್‌ಗೆ 200, ಪ್ರೊಸೆಸರ್‌ಗೆ ಸುಮಾರು 90, ಬೋರ್ಡು, ಫ್ಯಾನು, ಡಿಸ್ಕುಗಳಿಗೆ 40 ಎಂದರೆ 330 ಆಯಿತು. ಲೆಕ್ಕದಲ್ಲಿ ಇನ್ನೂ ಮೂವತ್ತು ವ್ಯಾಟ್ ಉಳಿದಿದೆ ಎನಿಸುತ್ತದೆ. ಆದರೆ 200 ಎಂಬುದು ಸರಾಸರಿ. ಈಗಿನ ಕಾರ್ಡ್‌ಗಳು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಅದರ ಒಂದೂವರೆ, ಕೆಲವೊಮ್ಮೆ ಎರಡು ಪಟ್ಟು ಎಳೆಯುತ್ತವೆ. ತಿಂಗಳ ಖರ್ಚು ಸಂಬಳದೊಳಗೇ ಇದ್ದರೂ ಕಾಲೇಜು ಫೀಸಿನ ಚೆಕ್ ಬ್ಯಾಂಕಿಗೆ ಹೋದ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಚೆಕ್ ಬೌನ್ಸ್ ಆಗುವುದಿಲ್ಲವೇ, ಅದೇ ಇಲ್ಲೂ ನಡೆಯುತ್ತದೆ. ಆ ಕ್ಷಣಕ್ಕೆ ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆ ಎಲ್ಲವನ್ನೂ ಕಡಿದುಹಾಕುತ್ತದೆ. ಈ ಸಮಸ್ಯೆ ಎಷ್ಟು ವ್ಯಾಪಕವೆಂದರೆ, 2022ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ 3.0 ಮಾನದಂಡದಲ್ಲಿ, ದೊಡ್ಡ ಕಾರ್ಡ್‌ಗಳಿಗೆಂದು ಮಾಡಿದ ಎಸ್‌ಎಂಪಿಎಸ್ ತನ್ನ ವ್ಯಾಟ್‌ನ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತಾಳಬೇಕು ಎಂದೇ ಬರೆದರು.

ಕಾರ್ಡ್ ತಯಾರಕರೂ ಇದನ್ನು ಬಚ್ಚಿಡುವುದಿಲ್ಲ. ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್. ಅದಕ್ಕೆ ಹೇಳುವ ಎಸ್‌ಎಂಪಿಎಸ್ 550. ಆರ್‌ಟಿಎಕ್ಸ್ 3070ಕ್ಕೆ 220 ವ್ಯಾಟ್, ಎಸ್‌ಎಂಪಿಎಸ್ 650. ಆದರೆ ಅಂಗಡಿಯಲ್ಲಿ ಬಜೆಟ್ ಮಾತಾಡುವಾಗ ಇದು ಯಾರ ಬಾಯಲ್ಲೂ ಬರುವುದಿಲ್ಲ. ನಲವತ್ತು ಸಾವಿರದ ಕಾರ್ಡ್ ಮಾರುವವರು ಐದು ಸಾವಿರದ ಎಸ್‌ಎಂಪಿಎಸ್ ಬಗ್ಗೆ ಒಂದು ಮಾತು ಕೇಳದೆ ಬಿಲ್ ಹಾಕುವುದು ನನ್ನ ಪ್ರಕಾರ ಅನ್ಯಾಯ. ಗಿರಾಕಿಗೆ ಇದು ತಿಳಿದಿರುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ನಾವು 650 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ ಗುರುತಿನ, ಐದು ವರ್ಷ ವಾರಂಟಿಯ ಎಸ್‌ಎಂಪಿಎಸ್ ತಂದೆವು. ಆ ಗುರುತು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ, ಒಳಗಿನ ಗುಣಮಟ್ಟವನ್ನಲ್ಲ. ಆದ್ದರಿಂದ ವಾರಂಟಿಯ ವರ್ಷಗಳನ್ನೂ 12 ವೋಲ್ಟ್ ಸಾಲನ್ನೂ ನೋಡಿಯೇ ಆರಿಸಿದೆವು. ಜೋಡಿಸುವಾಗ ಎರಡು ಎಚ್ಚರಿಕೆ ಬೇಕು. ಕಾರ್ಡ್‌ನಲ್ಲಿ ಎರಡು ಪವರ್ ಸಾಕೆಟ್ ಇದ್ದರೆ ಒಂದೇ ಕೇಬಲ್‌ನ ಕವಲುಗಳನ್ನು ಚುಚ್ಚದೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ಎಳೆಯಿರಿ. ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಹಳೆಯದರ ಕೇಬಲನ್ನು ಹೊಸದಕ್ಕೆ ಯಾವ ಕಾರಣಕ್ಕೂ ಹಾಕಬೇಡಿ. ಸಾಕೆಟ್ ಒಂದೇ ಥರ ಕಂಡರೂ ಒಳಗಿನ ತಂತಿಗಳ ಕ್ರಮ ಕಂಪನಿಗೊಂದು; ಹಾರ್ಡ್‌ಡಿಸ್ಕ್, ಬೋರ್ಡ್ ಎಲ್ಲ ಸುಟ್ಟುಹೋಗಬಹುದು.

ಮನೆಯ ಯುಪಿಎಸ್ ಕೂಡ ಇದೇ ಆಟ ಆಡಬಲ್ಲದು. ನಮ್ಮಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಮಾನಿಟರ್ ಸೇರಿದರೆ ಗೇಮಿಂಗ್ ಯಂತ್ರ ಅದನ್ನು ಮೀರಬಹುದು. ಯುಪಿಎಸ್ ಬಿಟ್ಟು, ಅರ್ತಿಂಗ್ ಸರಿ ಇರುವ ಗೋಡೆಯ ಸಾಕೆಟ್‌ಗೆ ನೇರವಾಗಿ ಹಾಕಿ ನೋಡುವುದೂ ಪುಕ್ಕಟೆ ಪರೀಕ್ಷೆಯೇ.

ಬೇರೆ ಕಂಪ್ಯೂಟರಿನಲ್ಲೂ ಕಾರ್ಡ್ ಹಾಗೇ ಕೈಕೊಟ್ಟರೆ ದೋಷ ಕಾರ್ಡ್‌ನದು. ಆಗ ನಿಮ್ಮನ್ನು ಕಾಯುವುದು ಬಿಲ್. ‘ಜಿಎಸ್‌ಟಿ ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ ಸರ್’ ಎಂಬ ಮಾತಿಗೆ ಮರುಳಾಗಬೇಡಿ. ತೆರಿಗೆ ಶೇ. 18 ಇರುವುದರಿಂದ ಆಸೆ ಹುಟ್ಟುವುದು ಸಹಜ. ಆದರೆ ಮೂರು ವರ್ಷದ ವಾರಂಟಿಗೂ, ಜಗಳ ಬಂದರೆ ಕಾನೂನಿಗೂ ಆಧಾರ ಆ ಕಾಗದವೇ. ಅದರಲ್ಲಿ ಕಾರ್ಡ್‌ನ ಸೀರಿಯಲ್ ನಂಬರ್ ಬರೆಸಿ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಮುದ್ರಿಸಿದ್ದರೂ ಹೆದರಬೇಕಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವು ವಾಸಿಸುವ ಊರಿನಿಂದಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಗಡುವು ಎರಡು ವರ್ಷ.

ಇಎಂಐನಲ್ಲಿ ಕೊಂಡವರಿಗೆ ಒಂದು ಮಾತು. ಕಾರ್ಡ್ ಸರ್ವಿಸ್ ಸೆಂಟರ್‌ನಲ್ಲಿ ಕೂತಿದ್ದರೂ ಕಂತು ನಿಲ್ಲುವುದಿಲ್ಲ. ‘ನೋ ಕಾಸ್ಟ್’ ಎಂದರೂ ಕ್ರೆಡಿಟ್ ಕಾರ್ಡ್ ಇಎಂಐನಲ್ಲಿ ಬಡ್ಡಿಯ ಭಾಗದ ಮೇಲೆ ಜಿಎಸ್‌ಟಿ ಬೀಳುತ್ತದೆ. ಹಣ ವಾಪಸಾದ ಮೇಲೂ ಸಾಲ ಮುಚ್ಚಿದೆಯೇ ಎಂದು ಬ್ಯಾಂಕಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಕಾರ್ಡ್ ಕೊಳ್ಳುವ ಯೋಚನೆಯಲ್ಲಿದ್ದರೆ ಅಂಗಡಿಗೆ ಹೊರಡುವ ಮೊದಲು ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಎಸ್‌ಎಂಪಿಎಸ್ ಲೇಬಲ್‌ನ ಫೋಟೋ ತೆಗೆದುಕೊಳ್ಳಿ. 12 ವೋಲ್ಟ್ ಸಾಲು ಸಾಲದಿದ್ದರೆ ನಿಮ್ಮ ಬಜೆಟ್‌ನಿಂದ ಐದಾರು ಸಾವಿರ ಮೊದಲೇ ತೆಗೆದಿಟ್ಟು, ಉಳಿದ ದುಡ್ಡಿಗೆ ಯಾವ ಕಾರ್ಡ್ ಬರುತ್ತದೋ ಅದನ್ನು ಕೊಳ್ಳಿ.