ಬೀಳ್ಕೊಡುಗೆಯೂ ಕಾಯಕದೀಕ್ಷೆಯೂ

ಬೀಳ್ಕೊಡು, ಬೀಳ್ಕೊಳ್ಳು ಎಂಬ ಎರಡು ಕ್ರಿಯಾಪದಗಳು ಕನ್ನಡದಲ್ಲಿವೆ. ಉಳಿಯುವವನು ಬೀಳ್ಕೊಡುತ್ತಾನೆ, ಎಂದರೆ ಹೋಗಲು ಅಪ್ಪಣೆಯನ್ನು ಕೊಡುತ್ತಾನೆ. ಅಗಲುವವನು ಬೀಳ್ಕೊಳ್ಳುತ್ತಾನೆ, ಎಂದರೆ ಆ ಅಪ್ಪಣೆಯನ್ನು ಪಡೆದುಕೊಳ್ಳುತ್ತಾನೆ. ಪ್ರತಿವರ್ಷವೂ ವಾರ್ಷಿಕ ಪರೀಕ್ಷೆಗೆ ಮುಂಚೆ ನಾಡಿನ ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ಬೀಳ್ಕೊಡುವ ಸಮಾರಂಭವು ಜರಗುತ್ತದೆ. ಶಾರದಾಪೂಜೆ, ಅತಿಥಿಗಳ ಹಿತವಚನ, ಗುರುಗಳೊಡನೆ ಭಾವಚಿತ್ರ, ಸಿಹಿ ಹಂಚಿಕೆ, ಶಾಲೆಗೆ ಒಂದು ಗಡಿಯಾರವನ್ನೋ ಗ್ರಂಥಗಳನ್ನೋ ಕಾಣಿಕೆಯಾಗಿ ಅರ್ಪಿಸುವುದು, ಕೊನೆಗೆ ಕಣ್ಣೀರು. ಕೆಲವು ಶಾಲೆಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಉರಿಯುವ ದೀಪವನ್ನು ಒಂಬತ್ತನೆಯ ತರಗತಿಯವರ ಕೈಗೆ ಕೊಡುವ ಚೆಲುವಾದ ಪದ್ಧತಿಯೂ ಇದೆ. ಇತ್ತೀಚೆಗೆ ಪಟ್ಟಣಗಳಲ್ಲಿ ಶಿಶುವಿಹಾರದ ಕೂಸುಗಳಿಗೂ ಕರಿಯ ನಿಲುವಂಗಿ ತೊಡಿಸಿ, ತಲೆಗೆ ಚೌಕದ ಟೋಪಿಯಿಟ್ಟು ಪದವಿಪ್ರದಾನದ ಆಟ ಆಡಿಸುವುದುಂಟು. ಅದು ತಾಯಿತಂದೆಗಳ ಕಣ್ಣಿಗೆ ಹಬ್ಬವೇ ಹೊರತು ಬೇರೆ ಪ್ರಯೋಜನ ಕಾಣದು. ಇರಲಿ. ಶಾಲೆಯು ಬೀಳ್ಕೊಡುವ ಕಾರ್ಯವಂತೂ ಸಾಂಗವಾಗಿ ನಡೆಯುತ್ತದೆ. ವಿದ್ಯಾರ್ಥಿಯು ಏನನ್ನು ಕೈಯಲ್ಲಿ ಹಿಡಿದು ಬೀಳ್ಕೊಳ್ಳುತ್ತಾನೆ ಎಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ಪೂರ್ವಕಾಲದಲ್ಲಿ ಈ ಕರ್ಮಕ್ಕೆ ಸಮಾವರ್ತನವೆಂದು ಹೆಸರಿದ್ದಿತು. ವೇದಾಧ್ಯಯನವನ್ನು ಮುಗಿಸಿದ ಬ್ರಹ್ಮಚಾರಿಯು ಮಂಗಳಸ್ನಾನ ಮಾಡಿ ಮನೆಗೆ ಮರಳುತ್ತಿದ್ದನು. ಹಾಗೆ ಮಿಂದವನೇ ಸ್ನಾತಕ. ಇಂದಿನ ವಿಶ್ವವಿದ್ಯಾಲಯಗಳು ಬಳಸುವ ಸ್ನಾತಕೋತ್ತರವೆಂಬ ಪದದಲ್ಲಿ ಆ ಸ್ನಾನದ ನೆನಪು ಇನ್ನೂ ಉಳಿದಿದೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯನು ಹೊರಟ ಶಿಷ್ಯನಿಗೆ ಮಾಡುವ ಅನುಶಾಸನವು ಪ್ರಸಿದ್ಧವಾಗಿದೆ. ಸತ್ಯವನ್ನೂ ಧರ್ಮವನ್ನೂ ಸ್ವಾಧ್ಯಾಯವನ್ನೂ ಬಿಡಬಾರದೆಂದು ವಿಧಿಸಿದ ಆ ಗುರುವು, ತಮ್ಮಲ್ಲಿ ಕಂಡ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸತಕ್ಕದ್ದು, ಉಳಿದವನ್ನಲ್ಲ ಎಂದೂ ಶಿಷ್ಯನಿಗೆ ತಿಳಿಸುತ್ತಾನೆ. ಗುರುವಿನ ಬಾಯಿಂದ ಇಂಥ ಮಾತು ಬರುವುದು ಸಾಮಾನ್ಯವಲ್ಲ. ಆದರೆ ಆ ಸ್ನಾನವೂ ಆ ಅನುಶಾಸನವೂ ಉಪನಯನವಾದವರಿಗೆ ಮೀಸಲಾಗಿದ್ದವು. ನೇಗಿಲು ಹಿಡಿದವನ ಮಗನು, ಬುಟ್ಟಿ ಹೆಣೆದವನ ಮಗಳು ಆ ಬಾಗಿಲಿನ ಹೊರಗೇ ಇದ್ದರು. ಹನ್ನೆರಡನೆಯ ಶತಮಾನದಲ್ಲಿ ಶರಣರು ಆ ಬಾಗಿಲನ್ನು ತೆರೆದ ಬಗೆಯನ್ನು ತಿಳಿಯಬೇಕಾದರೆ, ಶರಣಸಾಹಿತ್ಯದಲ್ಲಿ ಬರುವ ಒಂದು ಬೀಳ್ಕೊಡುಗೆಯನ್ನೇ ನೋಡತಕ್ಕದ್ದು.

ಆ ಪ್ರಸಂಗವು ಹರಿಹರ ಕವಿಯ ಬಸವರಾಜದೇವರ ರಗಳೆಯಲ್ಲಿದೆ. ಬಾಗೇವಾಡಿಯನ್ನು ತೊರೆದ ಬಸವಣ್ಣನವರು ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಕೆ ಬಂದರು. ಅಲ್ಲಿ ಹೂವು ತರುವುದು, ಮಜ್ಜನಕ್ಕೆ ನೀರು ತರುವುದು, ಪೂಜಿಸುವುದು, ಇದೇ ಅವರ ದಿನಚರಿಯಾಯಿತು. ಅದೇ ಅವರ ಗುರುಕುಲ. ಹೀಗಿರುವಾಗ ಒಂದು ರಾತ್ರಿ ಸಂಗಮನಾಥನು ಕನಸಿನಲ್ಲಿ ಕಾಣಿಸಿಕೊಂಡು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಮಾಡಿದನು. ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಯೇ ಆ ಊರು. ಎಚ್ಚೆತ್ತ ಬಸವಣ್ಣನವರಿಗೆ ಸಂತೋಷವಾಗಲಿಲ್ಲ. ಕೈಬಿಡಲ್ಪಟ್ಟ ಮಗುವಿನಂತೆ ಅವರು ದೇವರ ಮುಂದೆ ಮೊರೆಯಿಟ್ಟರೆಂದು ಹರಿಹರನು ವರ್ಣಿಸಿದ್ದಾನೆ. ಸಂಗಮವನ್ನು ಬಿಟ್ಟು ರಾಜನ ಊರಿನಲ್ಲಿ ಮಾಡುವುದೇನು? ಇಲ್ಲಿಯ ನೆಮ್ಮದಿ ಅಲ್ಲಿ ಎಲ್ಲಿಯದು? ಈ ಸಂಕಟವು ಸುಳ್ಳಲ್ಲ. ಬೀಳ್ಕೊಡುವ ದಿನ ಶಾಲೆಯ ಕಂಬವನ್ನು ತಬ್ಬಿ ಅಳುವ ಹುಡುಗನ ಸಂಕಟವನ್ನು ಬಾಲಬುದ್ಧಿಯೆಂದು ನಕ್ಕುಬಿಡುವವರು ಈ ಭಾಗವನ್ನೊಮ್ಮೆ ಓದಬೇಕು.

ಆಗ ಸಂಗಮನಾಥನು ಕೊಟ್ಟ ಸಮಾಧಾನವೇ ಈ ಪ್ರಸಂಗದ ಜೀವಾಳ. ದೇವರು ಅಪ್ಪಣೆಯನ್ನು ಹಿಂತೆಗೆದುಕೊಳ್ಳಲಿಲ್ಲ, ಹೊರಡಲೇಬೇಕೆಂದನು. ಆದರೆ ತಾನೂ ಜೊತೆಯಲ್ಲಿ ಬರುವೆನೆಂದು ಅಭಯವಿತ್ತನು. ಅದರಂತೆ ನಂದಿಯ ಮುಖದಿಂದ ಲಿಂಗವು ಬಸವಣ್ಣನವರ ಕರಸ್ಥಲಕ್ಕೆ ಬಂದಿತು. ಗುಡಿಯಲ್ಲಿ ನೆಲಸಿದ್ದ ದೈವವು ಅಂಗೈಯಲ್ಲಿ ಹಿಡಿಯುವಂತಾಗಿ ದಾರಿಗೆ ಜೊತೆಯಾಯಿತು. ಇಷ್ಟಲಿಂಗದ ತತ್ತ್ವವನ್ನು ಪಂಡಿತರು ನಾನಾ ಬಗೆಯಾಗಿ ವಿವರಿಸುತ್ತಾರೆ. ಗೃಹಸ್ಥರಾದ ಭಕ್ತರಿಗೆ ಈ ಒಂದು ಅರ್ಥವು ಸಾಕು: ಕಲಿತ ಸ್ಥಳವು ಹಿಂದೆ ಉಳಿಯುತ್ತದೆ, ಕಲಿತದ್ದು ಅಂಗದ ಮೇಲೆ ಜೊತೆಗೆ ಬರಬೇಕು. ಶಾಲೆಯ ಕಟ್ಟಡ, ಘಂಟೆ, ಕರಿಹಲಗೆಗಳು ಸ್ಥಾವರ. ಹುಡುಗನೊಡನೆ ಬಾಗಿಲು ದಾಟಿ ನಡೆಯುವ ವಿದ್ಯೆ, ನಡತೆಗಳೇ ಜಂಗಮ. ಹತ್ತು ವರ್ಷ ಓದಿಯೂ ಅಂಕಪಟ್ಟಿಯ ಕಾಗದವೊಂದೇ ಕೈಗೆ ಬಂದಿದ್ದರೆ, ಗುಡಿಗೆ ಹೋದವನು ಪ್ರಸಾದವನ್ನು ಬಿಟ್ಟು ದೊನ್ನೆಯನ್ನು ಮಾತ್ರ ತಂದಂತಾಯಿತು.

ಮುಂದಿನ ಕಥೆಯೂ ಅಷ್ಟೇ ಮನನೀಯ. ಮಂಗಳವಾಡವನ್ನು ಸೇರಿದ ಬಸವಣ್ಣನವರು ಅಲ್ಲಿ ಆಶ್ರಮವನ್ನು ಕಟ್ಟಿ ಕುಳಿತುಕೊಳ್ಳಲಿಲ್ಲ. ಭಂಡಾರದ ಕರಣಿಕರು ಲೆಕ್ಕ ಬರೆಯುತ್ತಿದ್ದ ಚಾವಡಿಗೆ ಹೋದರು. ಅವರ ಲೆಕ್ಕದಲ್ಲಿದ್ದ ತಪ್ಪೊಂದು ಇವರ ಕಣ್ಣಿಗೆ ಬಿದ್ದಿತು, ಅದನ್ನು ತೋರಿಸಿದರು. ಸಿದ್ಧದಂಡಾಧಿಪನು ಮೆಚ್ಚಿ ಇವರನ್ನು ಕರಣಿಕರಲ್ಲಿ ಒಬ್ಬರನ್ನಾಗಿ ನೇಮಿಸಿಕೊಂಡನು. ದಂಡನಾಯಕತ್ವವೆಲ್ಲ ಮುಂದಿನ ಮಾತು; ಭಕ್ತಿಭಂಡಾರಿಯ ಮೊದಲ ಕಾಯಕ ಲೆಕ್ಕ ಬರೆಯುವುದು, ಅದನ್ನು ತಪ್ಪಿಲ್ಲದೆ ಬರೆಯುವುದು.

ಹತ್ತನೆಯ ತರಗತಿ ಮುಗಿಸಿದ ಮಗುವನ್ನು ನೆಂಟರಿಷ್ಟರೆಲ್ಲ ಕೇಳುವ ಪ್ರಶ್ನೆ ‘ಮುಂದೇನು?’ ಎಂಬುದು. ಪ್ರಶ್ನೆಯಲ್ಲಿ ದೋಷವಿಲ್ಲ. ಕೇಳುವವರ ಮನಸ್ಸಿನಲ್ಲಿ ಉತ್ತರಗಳಿಗೆ ಮೆಟ್ಟಿಲುಗಳು ಸಿದ್ಧವಾಗಿರುವುದೇ ದೋಷ. ವೈದ್ಯ, ಇಂಜಿನಿಯರು ಎಂದರೆ ಮುಖವರಳುತ್ತದೆ, ವಾಣಿಜ್ಯವೆಂದರೆ ಆಗಬಹುದೆನ್ನುತ್ತಾರೆ, ಕಲಾವಿಭಾಗವೆಂದರೆ ಮೌನ, ಐ.ಟಿ.ಐ. ಸೇರಿ ಯಂತ್ರದ ಕೆಲಸ ಕಲಿಯುವೆನೆಂದರೆ, ತಂದೆಯ ಹೊಲವನ್ನೇ ನೋಡಿಕೊಳ್ಳುವೆನೆಂದರೆ ಅಯ್ಯೋ ಪಾಪವೆಂಬ ಉದ್ಗಾರ. ಶರಣರ ಹೆಸರುಗಳನ್ನು ನಿತ್ಯವೂ ಹೇಳುವ ಮನೆಗಳಲ್ಲಿಯೂ ಈ ಮೆಟ್ಟಿಲುಗಳಿರುವುದು ವಿಚಿತ್ರ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ತುರುಗಾಹಿ ರಾಮಣ್ಣ, ಒಕ್ಕಲಿಗ ಮುದ್ದಣ್ಣ, ವೈದ್ಯ ಸಂಗಣ್ಣ: ಈ ಹೆಸರುಗಳಲ್ಲಿ ಕಾಯಕವು ಬಿರುದಿನಂತೆ ಮುಂದೆ ನಿಂತಿದೆ. ವೈದ್ಯನೂ ಇದ್ದಾನೆ, ದನಗಾಹಿಯೂ ಇದ್ದಾನೆ. ಅನುಭಾವದ ಗೋಷ್ಠಿಯಲ್ಲಿ ಒಬ್ಬನಿಗೆ ಮಣೆ, ಇನ್ನೊಬ್ಬನಿಗೆ ನೆಲವೆಂಬ ಭೇದವಿರಲಿಲ್ಲ. ಹಾಗೆಂದು ಹುಟ್ಟಿದ ಮನೆಯ ಕಸುಬಿಗೇ ಮಗನನ್ನು ಕಟ್ಟಿಹಾಕಬೇಕೆಂದು ಇದರ ಅರ್ಥವಲ್ಲ. ಮೋಳಿಗೆ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಹೊತ್ತನೆಂದು ಪರಂಪರೆ ಹೇಳುತ್ತದೆ. ಕಾಯಕವು ಹುಟ್ಟಿನಿಂದ ಬರತಕ್ಕದ್ದಲ್ಲ, ಒಪ್ಪಿ ಹಿಡಿಯತಕ್ಕದ್ದು. ಕುಂಬಾರನ ಮಗಳು ವೈದ್ಯೆಯಾಗಲಿ, ವೈದ್ಯನ ಮಗನು ಕೃಷಿಕನಾಗಲಿ, ಎರಡೂ ಶರಣಸಮ್ಮತವೇ.

ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಹೇಳುವ ಮಾತು ಅನೇಕ ಶಾಲೆಗಳ ಗೋಡೆಯ ಮೇಲಿದೆ. ಕೆಳಗೆ ಬಸವಣ್ಣನವರ ಹೆಸರಿರುತ್ತದೆ. ವಾಸ್ತವವಾಗಿ ಅದು ಆಯ್ದಕ್ಕಿ ಮಾರಯ್ಯನ ವಚನದ್ದು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದವನು ಅವನು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳದೆ, ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಮಕ್ಕಳ ಭವಿಷ್ಯವನ್ನು ವೇತನದ ಅಂಕೆಯಿಂದ ಅಳೆಯುವ ಮನೆಗಳಲ್ಲಿ ಲಕ್ಕಮ್ಮನ ಈ ನಡೆಯನ್ನು ಕಥೆಯಾಗಿ ಹೇಳುವುದು ಸುಲಭ. ಮಗನ ಮೊದಲ ಸಂಬಳವು ನೆರೆಮನೆಯ ಹುಡುಗನದಕ್ಕಿಂತ ಕಡಿಮೆಯಾದ ದಿನ ಅದನ್ನು ನೆನೆಯುವುದು ಕಷ್ಟ.

ಪರೀಕ್ಷಾ ಪ್ರವೇಶಪತ್ರವನ್ನು ಗದ್ದುಗೆಯ ಮುಂದಿಟ್ಟು, ವಿಭೂತಿ ಹಚ್ಚಿಸಿಕೊಂಡು ಹೋಗುವ ರೂಢಿ ಈಗ ಎಲ್ಲೆಡೆ ಬೆಳೆದಿದೆ. ಭಯಗೊಂಡ ಮಗುವಿಗೆ ಅದರಿಂದ ಧೈರ್ಯ ಬರುವುದಾದರೆ ಬೇಡವೆನ್ನುವಂತಿಲ್ಲ. ಆದರೆ ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವನ್ನೂ ಆ ಮಗುವಿಗೆ ಹೇಳಬೇಕು. ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿದ್ದಾಗ ಅವನ ಲಿಂಗವು ಕಳಚಿ ಬಿದ್ದಿತು. ಅವನು ಕಾಯಕವನ್ನು ನಿಲ್ಲಿಸಲಿಲ್ಲ. ಹೊರೆ ಹೊತ್ತು ನಡೆದೇಬಿಟ್ಟನು. ಲಿಂಗವೇ ಅವನ ಬೆನ್ನು ಹತ್ತಿ ಬರಬೇಕಾಯಿತು. ಕೊನೆಗೆ ಮಡಿವಾಳ ಮಾಚಯ್ಯನು ನಡುವೆ ಬಂದು ಸಂಧಾನ ಮಾಡಬೇಕಾಯಿತು. ದುಡಿಯುವವನ ಹಿಂದೆ ದೈವವು ಬರುವುದೆಂದು ಕಥೆ ಹೇಳುತ್ತಿದ್ದರೆ, ಓದದವನು ದೈವದ ಹಿಂದೆ ಓಡುವುದನ್ನು ಏನೆನ್ನಬೇಕು?

ಓದಿಯೂ ತೇರ್ಗಡೆಯಾಗದವರ ಮಾತು ಬೇರೆ. ಬೀಳ್ಕೊಡುವ ಸಮಾರಂಭದಲ್ಲಿ ಎಲ್ಲರ ಕೊರಳಿಗೂ ಒಂದೇ ಹಾರ. ಫಲಿತಾಂಶದ ದಿನ ಅವರಲ್ಲಿ ಕೆಲವರು ಮನೆಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂರುತ್ತಾರೆ. ಪ್ರಾಣವನ್ನೇ ತೊರೆದ ಮಕ್ಕಳ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಬೇಕಾಗಿ ಬಂದದ್ದೂ ಉಂಟು. ಕರ್ನಾಟಕದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಮೂರು ಸಲ ಬರೆಯುವ ಅವಕಾಶವಾಯಿತು. ಸರಕಾರವು ತೋರಿದ ಈ ತಾಳ್ಮೆಯನ್ನು ತಂದೆಯಾದವನು ತೋರಲಾರದೆ ಹೋದರೆ ಅದು ಬಹು ನಾಚಿಕೆಯ ವಿಷಯ. ಶರಣರು ದೇಹವನ್ನು ದೇಗುಲವೆಂದು ಬಗೆದರು. ಗಣಿತದಲ್ಲಿ ಹತ್ತು ಅಂಕ ಕಡಿಮೆಯಾದುದಕ್ಕೆ ಆ ದೇಗುಲವು ಮೈಲಿಗೆಯಾಗುವುದಿಲ್ಲವೆಂದು ಮಗುವಿಗೆ ಮನೆಯವರು ಬಾಯಿಬಿಟ್ಟು ಹೇಳಬೇಕು. ಅದನ್ನು ಫಲಿತಾಂಶದ ಅನಂತರವಲ್ಲ, ಮುಂಚೆಯೇ ಹೇಳಬೇಕು. ಆ ದಿನ ಮಗುವನ್ನು ಒಂಟಿಯಾಗಿ ಬಿಡಬಾರದು. ಬೈಗುಳಕ್ಕೆ ಮೊದಲು ಊಟ ಬಡಿಸಬೇಕು.

ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಮಕ್ಕಳಿಗೆ ಬೀಳ್ಕೊಡುಗೆಯ ದಿನ ಇನ್ನೊಂದು ಲೆಕ್ಕವೂ ಇದೆ. ಅವರು ಉಂಡ ಅನ್ನವು ಯಾರದು? ಯಾವುದೋ ಹಳ್ಳಿಯ ತಾಯಿಯೊಬ್ಬಳು ಅಡಿಗೆಗೆ ಮೊದಲು ತೆಗೆದಿಟ್ಟ ಹಿಡಿ ಜೋಳವು ಸ್ವಾಮಿಗಳ ಜೋಳಿಗೆಯ ಮೂಲಕ ಅವರ ತಟ್ಟೆಗೆ ಬಂದಿತು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತಂದಿನಿಂದ 2019ರಲ್ಲಿ ಲಿಂಗೈಕ್ಯರಾಗುವವರೆಗೆ, ಜಾತಿಮತಗಳನ್ನು ಕೇಳದೆ, ಲೆಕ್ಕವಿಲ್ಲದಷ್ಟು ಮಕ್ಕಳನ್ನು ಹೀಗೆ ಸಾಕಿ ಬೀಳ್ಕೊಟ್ಟರು. ಈ ಋಣವನ್ನು ಹಣದಿಂದ ತೀರಿಸುವ ವಿಧಿ ಎಲ್ಲಿಯೂ ಇಲ್ಲ. ಇನ್ನೊಬ್ಬರಿಗೆ ದಾಸೋಹ ಮಾಡಿ ತೀರಿಸಬೇಕು. ಫ. ಗು. ಹಳಕಟ್ಟಿಯವರು ಕಾನೂನು ಪದವಿಯನ್ನು ಪಡೆದು ವಿಜಾಪುರದಲ್ಲಿ ವಕೀಲರಾದವರು. ಸಂಪಾದನೆಗೆ ದಾರಿ ಸುಗಮವಾಗಿತ್ತು. ಅವರು ಹಿಡಿದದ್ದು ಮನೆಮನೆಗಳ ಅಟ್ಟದಲ್ಲಿ ಹುಳು ತಿನ್ನುತ್ತಿದ್ದ ತಾಳೆಯೋಲೆಗಳ ದಾರಿ. 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಇಂದು ವಚನಗಳನ್ನು ಅಚ್ಚಿನಲ್ಲಿ ಓದುವ ಪ್ರತಿಯೊಬ್ಬನೂ ಆ ಒಬ್ಬ ಪದವೀಧರನ ದಾಸೋಹದಲ್ಲಿ ಪಂಕ್ತಿಗೆ ಕುಳಿತವನೇ.

ಇನ್ನು ಹೆಣ್ಣುಮಕ್ಕಳ ವಿಷಯ. ಬೀಳ್ಕೊಡುವ ದಿನ ಅತ್ಯಧಿಕವಾಗಿ ಅಳುವವರು ಹುಡುಗಿಯರೆಂದು ಹಾಸ್ಯ ಮಾಡುವುದುಂಟು. ಅವರಲ್ಲಿ ಕೆಲವರಿಗೆ ಅದು ಪ್ರೌಢಶಾಲೆಯಿಂದ ಮಾತ್ರವಲ್ಲ, ಓದಿನಿಂದಲೇ ಅಗಲುವ ದಿನವೆಂಬುದನ್ನು ಹಾಸ್ಯ ಮಾಡುವವರು ಯೋಚಿಸುವುದಿಲ್ಲ. ಕಾಲೇಜು ದೂರ, ಬಸ್ಸಿಲ್ಲ, ಮದುವೆಯ ಮಾತು ಬಂದಿದೆ, ತಮ್ಮನ ಶುಲ್ಕ ಕಟ್ಟಬೇಕಾಗಿದೆ ಎಂದು ಕಾರಣಗಳು ಹುಟ್ಟಿಕೊಳ್ಳುತ್ತವೆ. ಶರಣಧರ್ಮವು ಲಿಂಗದೀಕ್ಷೆಯಲ್ಲಿ ಹೆಣ್ಣು ಗಂಡೆಂಬ ಭೇದವೆಣಿಸಲಿಲ್ಲ. ವಚನಗಳನ್ನು ರಚಿಸಿದ ಶರಣೆಯರೇ ಮೂವತ್ತಕ್ಕೂ ಹೆಚ್ಚು ಮಂದಿ. ಅವರಲ್ಲಿ ರಾಣಿಯೂ ಇದ್ದಾಳೆ, ನೂಲುವವಳೂ ಇದ್ದಾಳೆ. ಮಗಳ ಅಂಗೈಗೆ ಇಷ್ಟಲಿಂಗವನ್ನು ಕೊಡಿಸಿದ ಮನೆಯವರು ಅದೇ ಕೈಗೆ ಪುಸ್ತಕ ಕೊಡಿಸಲು ಹಿಂದೆಗೆಯುವುದಕ್ಕೆ ವಚನಗಳಲ್ಲಿ ಯಾವ ಆಧಾರವೂ ದೊರೆಯುವುದಿಲ್ಲ. ಪದವಿಪೂರ್ವ ಕಾಲೇಜುಗಳ ಪ್ರವೇಶವು ಫಲಿತಾಂಶದ ಬೆನ್ನಿಗೇ ಆರಂಭವಾಗುತ್ತದೆ. ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯಗಳಲ್ಲಿ ಸ್ಥಳಗಳು ಬೇಗನೆ ತುಂಬಿಹೋಗುತ್ತವೆ. ಬೀಳ್ಕೊಡುಗೆಗೂ ಫಲಿತಾಂಶಕ್ಕೂ ನಡುವೆ ದೊರೆಯುವ ಬಿಡುವಿನಲ್ಲಿ ತಂದೆಯು ಮಗಳನ್ನು ಕರೆದುಕೊಂಡು ಹೋಗಿ, ನಿಲಯವನ್ನು ಕಣ್ಣಾರೆ ನೋಡಿ, ಅರ್ಜಿಯನ್ನು ಕೇಳಿ ತರುವುದಕ್ಕೆ ಸಾಕಷ್ಟು ದಿನಗಳಿರುತ್ತವೆ.