ಆಪತ್ಕಾಲದಲ್ಲಿ ಅಂಗವಿಕಲರ ರಕ್ಷಣೆ

ಬಿರುಗಾಳಿಯಾಗಲಿ, ನೆರೆಯಾಗಲಿ, ಬೆಂಕಿಯಾಗಲಿ ಯಾರೊಬ್ಬರೆಂಬ ಭೇದವಿಲ್ಲದೆ ಎಲ್ಲರ ಮೇಲೂ ಸಮನಾಗಿ ಎರಗುತ್ತದೆಂದು ನಾವು ಭಾವಿಸುತ್ತೇವೆ. ತುಸು ವಿಚಾರ ಮಾಡಿದರೆ ಈ ಭಾವನೆ ಸರಿಯಲ್ಲವೆಂದು ತಿಳಿಯುತ್ತದೆ. “ಓಡಿರಿ!” ಎಂಬ ಕೂಗು ಕಿವಿ ಕೇಳದವರನ್ನು ಮುಟ್ಟುವುದಿಲ್ಲ. ಕಣ್ಣು ಕಾಣದವರಿಗೆ ಆ ಕೂಗು ಕೇಳಿಸಿದರೂ ಯಾವ ಕಡೆಗೆ ಓಡಬೇಕೆಂಬುದು ತಿಳಿಯದು. ಕಾಲಿನ ಶಕ್ತಿ ಕುಂದಿದವರಿಗೆ ದಾರಿ ತಿಳಿದಿದ್ದರೂ ಓಡಲು ಸಾಧ್ಯವಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ. ವೃದ್ಧರು, ರೋಗಿಗಳು, ಗರ್ಭಿಣಿಯರು, ಹಸುಗೂಸುಗಳು ಈ ಲೆಕ್ಕದ ಹೊರಗಿದ್ದಾರೆ. ಇಷ್ಟು ಜನರನ್ನು ಮರೆತು ಮಾಡಿದ ರಕ್ಷಣೆಯ ಏರ್ಪಾಡು ಏರ್ಪಾಡೇ ಅಲ್ಲ. ನೆರೆಯ ಆಂಧ್ರಪ್ರದೇಶದ ಎರಡು ನಗರಗಳ ಅನುಭವದಿಂದ ಈ ವಿಷಯವನ್ನು ಅಭ್ಯಾಸ ಮಾಡೋಣ.

ವಿಶಾಖಪಟ್ಟಣವು ಪೂರ್ವ ಕರಾವಳಿಯ ದೊಡ್ಡ ಬಂದರು. ಚಂಡಮಾರುತದ ಸೂಚನೆ ಬಂದೊಡನೆ ನಮ್ಮ ದೇಶದ ಬಂದರುಗಳಲ್ಲಿ 1ರಿಂದ 11ರವರೆಗಿನ ಅಪಾಯದ ಸಂಕೇತಗಳಲ್ಲಿ ತಕ್ಕುದನ್ನು ಏರಿಸುವ ಪದ್ಧತಿಯುಂಟು. ಹಗಲಿನಲ್ಲಿ ಶಂಕುವಿನಾಕಾರದ, ಉರುಳೆಯಾಕಾರದ ಗುರುತುಗಳನ್ನು ಕಂಬಕ್ಕೆ ಏರಿಸುತ್ತಾರೆ. ರಾತ್ರಿಯಲ್ಲಿ ಕೆಂಪು ಮತ್ತು ಬಿಳಿಯ ದೀಪಗಳನ್ನು ತೂಗುಹಾಕುತ್ತಾರೆ. ಹಗಲಿನ ಗುರುತು ಇರುಳಿನಲ್ಲಿ ಕಾಣದೆಂಬುದನ್ನು ನಾವಿಕರು ಬಲ್ಲರು. ಆದುದರಿಂದಲೇ ಒಂದು ಸುದ್ದಿಯನ್ನು ಎರಡು ವಿಧವಾಗಿ ಹೇಳುತ್ತಾರೆ. ಈ ನೀತಿ ಊರಿಗೂ ಸಲ್ಲುತ್ತದೆ. ಸೈರನ್ನಿನ ಜೊತೆಗೆ ಮಿನುಗುವ ದೀಪವೂ, ಬರೆದ ಸೂಚನೆಯ ಜೊತೆಗೆ ಬಾಯಿಮಾತಿನ ಸಾರಿಕೆಯೂ ಇದ್ದರೆ ಮಾತ್ರ ಎಚ್ಚರಿಕೆ ಎಲ್ಲರನ್ನೂ ಮುಟ್ಟುತ್ತದೆ.

2014ನೆಯ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತವು ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಿಂದ ವಿಶಾಖಪಟ್ಟಣದ ಬಳಿ ದಡಕ್ಕೆ ಅಪ್ಪಳಿಸಿತು. ಹವಾಮಾನ ಇಲಾಖೆ ಮುಂಚಿತವಾಗಿ ಎಚ್ಚರಿಸಿದ್ದುದರಿಂದ ಲಕ್ಷಾಂತರ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಆದರೆ ವಿದ್ಯುತ್ತಿನ ಕಂಬಗಳು ಉರುಳಿ, ದೂರವಾಣಿಯ ಸಂಪರ್ಕ ಕಡಿದು, ನಗರವು ಕತ್ತಲೆಯಲ್ಲಿ ಮುಳುಗಿತು. ವಿದ್ಯುತ್ತಿಲ್ಲವೆಂದರೆ ನಮಗೆ ದೀಪವಿಲ್ಲವೆಂದಷ್ಟೇ ಅರ್ಥ. ಮೇಲಂತಸ್ತಿನಲ್ಲಿರುವ ಗಾಲಿಕುರ್ಚಿಯವರಿಗೆ ಲಿಫ್ಟ್ ಇಲ್ಲವೆಂದು ಅರ್ಥ. ಯಂತ್ರದ ಸಹಾಯದಿಂದ ಆಮ್ಲಜನಕ ಪಡೆಯುವ ರೋಗಿಗೆ ಉಸಿರೇ ಇಲ್ಲವೆಂದು ಅರ್ಥ.

ಅದೇ ನಗರದಲ್ಲಿ 2020ನೆಯ ಮೇ 7ರ ಬೆಳಗಿನ ಜಾವ ಒಂದು ಪ್ಲಾಸ್ಟಿಕ್ ಕಾರ್ಖಾನೆಯಿಂದ ಸ್ಟೈರೀನ್ ಎಂಬ ವಿಷಾನಿಲ ಸೋರಿತು. ಜನರು ನಿದ್ದೆಯಲ್ಲಿದ್ದರು. ಸೈರನ್ ಮೊಳಗಲಿಲ್ಲವೆಂದು ತನಿಖೆಯಿಂದ ತಿಳಿದುಬಂತು. 12 ಮಂದಿ ಪ್ರಾಣ ಕಳೆದುಕೊಂಡರು; ನೂರಾರು ಜನ ಆಸ್ಪತ್ರೆ ಸೇರಿದರು. ಸ್ಟೈರೀನಿನ ಆವಿಯು ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರವಾದುದರಿಂದ ನೆಲಕ್ಕೆ ಹತ್ತಿಕೊಂಡು ಹರಡುತ್ತದೆ. ನೆಲದ ಮೇಲೆ ಮಲಗಿದವರಿಗೂ ತೆವಳಿ ಚಲಿಸುವವರಿಗೂ ಇದರಿಂದ ಅಪಾಯ ಹೆಚ್ಚು. ಇಂಥ ವೇಳೆಯಲ್ಲಿ ಒದ್ದೆಬಟ್ಟೆಯನ್ನು ಮೂಗುಬಾಯಿಗೆ ಹಿಡಿದು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ದೂರ ಸರಿಯಬೇಕು. ಎತ್ತರದ ಸ್ಥಳ ಸೇರುವುದು ಮತ್ತೂ ಒಳ್ಳೆಯದು.

ಇನ್ನು ವಿಜಯವಾಡ. ಬೆಳಗಾವಿ, ಬಾಗಲಕೋಟೆ, ರಾಯಚೂರು ಜಿಲ್ಲೆಗಳನ್ನು ಹಾದುಹೋಗುವ ನಮ್ಮ ಕೃಷ್ಣೆಯೇ ಅಲ್ಲಿ ಪ್ರಕಾಶಂ ಅಣೆಕಟ್ಟೆಯನ್ನು ದಾಟಿ ಕಡಲಿನತ್ತ ಸಾಗುತ್ತಾಳೆ. 2024ನೆಯ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಅಣೆಕಟ್ಟೆಯಿಂದ ಸೆಕೆಂಡಿಗೆ 11 ಲಕ್ಷ ಘನ ಅಡಿಗೂ ಹೆಚ್ಚು ನೀರು ಹರಿಯಿತು. ಆದರೆ ನಗರದ ಬಡಾವಣೆಗಳನ್ನು ಮುಳುಗಿಸಿದ್ದು ಮುಖ್ಯವಾಗಿ ಬುಡಮೇರು ಎಂಬ ಹಳ್ಳ. ಅದರ ದಡ ಒಡೆದು, ಅಜಿತ್‌ಸಿಂಗ್ ನಗರ ಮೊದಲಾದ ಕಡೆಗಳಲ್ಲಿ ಜನರು ದಿನಗಟ್ಟಲೆ ಮೇಲಂತಸ್ತುಗಳಲ್ಲಿ ಸಿಕ್ಕಿಬಿದ್ದರು. ದೋಣಿ ಹೋಗಲಾರದ ಕಡೆಗಳಿಗೆ ಡ್ರೋನ್‌ಗಳಿಂದ ಆಹಾರದ ಪೊಟ್ಟಣಗಳನ್ನು ಕಳುಹಿಸಲಾಯಿತು. ಇದು ಮೆಚ್ಚತಕ್ಕ ಉಪಾಯವೇ ಸರಿ. ಆದರೆ ಮಹಡಿ ಹತ್ತಲಾರದವರಿಗೆ ತಾರಸಿಯ ಮೇಲೆ ಬಿದ್ದ ಪೊಟ್ಟಣದಿಂದ ಏನು ಪ್ರಯೋಜನ? ಅದನ್ನು ತಂದುಕೊಡುವ ನೆರೆಯವರೊಬ್ಬರು ಬೇಕೇಬೇಕು.

ಮರೆವಿನ ಫಲ ಎಷ್ಟು ಘೋರವೆಂಬುದಕ್ಕೆ ತಮಿಳುನಾಡಿನ ಏರ್ವಾಡಿಯೇ ಸಾಕ್ಷಿ. 2001ನೆಯ ಆಗಸ್ಟ್ 6ರಂದು ಅಲ್ಲಿನ ಮಾನಸಿಕ ರೋಗಿಗಳ ವಸತಿಯೊಂದಕ್ಕೆ ಬೆಂಕಿ ಬಿದ್ದಿತು. ಸರಪಳಿಯಿಂದ ಬಂಧಿಸಿದ್ದ ಕಾರಣ ಓಡಲಾರದೆ 28 ಮಂದಿ ಬೆಂದುಹೋದರು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 8ನೆಯ ಪ್ರಕರಣವು ಆಪತ್ತಿನಲ್ಲಿ ಅವರಿಗೆ ಸಮಾನ ರಕ್ಷಣೆಯ ಹಕ್ಕನ್ನು ನೀಡಿದೆ. ಪ್ರತಿ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಅವರ ವಿವರಗಳನ್ನು ದಾಖಲೆಯಲ್ಲಿಡಬೇಕೆಂದು ವಿಧಿಸಿದೆ. ಆದುದರಿಂದ ಇದು ದಯೆಯ ಮಾತಲ್ಲ, ಹಕ್ಕಿನ ಮಾತು.

ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದೇನು? ಮೊದಲನೆಯದಾಗಿ, ಸಹಾಯಕ್ಕೆ ಮುನ್ನ “ನಿಮಗೆ ಹೇಗೆ ಅನುಕೂಲ?” ಎಂದು ಕೇಳಬೇಕು. ಕಣ್ಣು ಕಾಣದವರ ಕೈಹಿಡಿದು ಎಳೆಯಬಾರದು. ನಮ್ಮ ಹೆಸರು ಹೇಳಿ, ಮೊಣಕೈಯನ್ನು ಹಿಡಿದುಕೊಳ್ಳಲು ಕೊಟ್ಟು, ಮೆಟ್ಟಿಲು ಬಂದಾಗ ತಿಳಿಸಬೇಕು. ಕಿವಿ ಕೇಳದವರ ಎದುರಿಗೆ ನಿಂತು ಸನ್ನೆಯಿಂದಲೋ ಬರಹದಿಂದಲೋ ವಿಷಯ ತಿಳಿಸಬೇಕು. ಬುದ್ಧಿಯ ಬೆಳವಣಿಗೆ ಕುಂಠಿತವಾದವರಿಗೆ ಗದರದೆ ಚಿಕ್ಕ ಚಿಕ್ಕ ಮಾತುಗಳಲ್ಲಿ ಹೇಳಬೇಕು. ಗಾಲಿಕುರ್ಚಿಯನ್ನು ಮೆಟ್ಟಿಲಿಳಿಸುವ ಕೆಲಸಕ್ಕೆ ಹಿರಿಯರನ್ನು ಕರೆಯಬೇಕು. ಊರುಗೋಲು, ಶ್ರವಣಯಂತ್ರಗಳನ್ನು ಬಿಟ್ಟುಹೋಗಬಾರದು.

ಎರಡನೆಯದಾಗಿ, ಮನೆಯಲ್ಲಿ ಇಂಥವರಿದ್ದರೆ ಒಂದು ಚೀಲ ಸದಾ ಸಿದ್ಧವಾಗಿರಲಿ. ಒಂದು ವಾರದ ಔಷಧ, ವೈದ್ಯರ ಚೀಟಿಯ ಪ್ರತಿ, ಟಾರ್ಚ್, ಶ್ರವಣಯಂತ್ರದ ಬ್ಯಾಟರಿ, ಸೀಟಿ, ಕುಡಿಯುವ ನೀರು, ಬಂಧುಗಳ ದೂರವಾಣಿಯ ಸಂಖ್ಯೆ ಅದರಲ್ಲಿರಬೇಕು. ಕಾಗದಗಳನ್ನು ನೀರು ಹೋಗದ ಚೀಲದಲ್ಲಿ ಕಟ್ಟಿಡಬೇಕು. ತುರ್ತು ಕರೆಯ ಸಂಖ್ಯೆ 112 ಎಂಬುದು ಎಲ್ಲರಿಗೂ ಕಂಠಪಾಠವಾಗಿರಲಿ.

ಕಡೆಯದಾಗಿ, ಪ್ರತಿಯೊಬ್ಬರೂ ಈ ರಜೆಯಲ್ಲಿ ತಂದೆತಾಯಿಗಳೊಡನೆ ತಮ್ಮ ಬೀದಿಯಲ್ಲಿ ನಡೆದು, ಆಪತ್ತಿನಲ್ಲಿ ಯಾರಿಗೆ ಯಾವ ನೆರವು ಬೇಕೆಂಬುದನ್ನು ಅವರ ಒಪ್ಪಿಗೆ ಪಡೆದು ತಿಳಿದುಕೊಳ್ಳೋಣ. ಒಬ್ಬೊಬ್ಬರಿಗೂ ಇಬ್ಬರು ನೆರೆಯವರು ಹೊಣೆಗಾರರಾಗಲಿ. ಒಬ್ಬರು ಊರಿನಲ್ಲಿಲ್ಲದಿದ್ದರೆ ಇನ್ನೊಬ್ಬರಾದರೂ ಇರುತ್ತಾರೆ. ಶಾಲೆಯ ಬೆಂಕಿಯ ಕವಾಯತಿನಲ್ಲಿಯೂ ನಡೆಯಲಾರದ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿ ನೋಡುವಂತೆ ಮಾಡದೆ, ಅವನನ್ನೂ ಸೇರಿಸಿಕೊಂಡೇ ಅಭ್ಯಾಸ ಮಾಡಬೇಕು. ಅಭ್ಯಾಸದ ದಿನ ಅವನನ್ನು ಬಿಟ್ಟವರು ಆಪತ್ತಿನ ದಿನ ಅವನನ್ನು ನೆನೆಯುವುದು ಕಷ್ಟ. ಕೆರೆ ತುಂಬಿ ಕೋಡಿ ಹರಿದ ಮೇಲೆ ಏರಿ ಕಟ್ಟಲು ಹೊರಟರೆ ಫಲವಿಲ್ಲವಷ್ಟೆ!